ಪಾತ್ರೆ ಕದಲಬಾರದು: ಋತುವಿಗೆ ತಕ್ಕಂತೆ ಮೈ ಬಾಗಿಸುವ ಸೌರ ಕನ್ನಡಿಯ ಪ್ರಕರಣ

ರಾಜಸ್ಥಾನದ ಅಬು ರೋಡಿನಲ್ಲಿ ಬ್ರಹ್ಮಾಕುಮಾರಿ ಸಂಸ್ಥೆಗೆ ಸೇರಿದ ಶಾಂತಿವನ ಎಂಬ ಆವರಣವಿದೆ. ಸಮಾವೇಶದ ದಿನಗಳಲ್ಲಿ ಅಲ್ಲಿ ಊಟಕ್ಕೆ ಕೂರುವವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಷ್ಟು ಜನರ ಅನ್ನ, ಬೇಳೆ, ಪಲ್ಯಕ್ಕೆ ಬೇಕಾದ ಹಬೆಯನ್ನು ಬಿಸಿಲಿನಿಂದಲೇ ತೆಗೆಯೋಣ ಎಂದು 1990ರ ದಶಕದ ಕೊನೆಯಲ್ಲಿ ಅಲ್ಲಿ 84 ಕನ್ನಡಿ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿದರು. ಮುಂದೆ ಅದೇ ಊರಿನಲ್ಲಿ ಅದೇ ಜಾತಿಯ 770 ಕನ್ನಡಿಗಳು ಎದ್ದವು. ಅವು ಒಂದೊಂದೂ 60 ಚದರ ಮೀಟರ್ ಅಗಲ, ಒಂದು ಸಣ್ಣ ಮನೆಯ ತಾರಸಿಯಷ್ಟು.

ಈ ಪ್ರಕರಣವನ್ನು ಬರೆಯಲು ನನ್ನನ್ನು ಎಳೆದದ್ದು ಆ ಗಾತ್ರವಲ್ಲ, ಆ ಕನ್ನಡಿಗಳ ಒಂದು ಗುಣ. ಅವು ವರ್ಷವಿಡೀ ಒಂದೇ ಆಕಾರದಲ್ಲಿ ಇರುವುದಿಲ್ಲ. ಮಾರ್ಚಿಯಲ್ಲಿ ಒಂದು ಬಾಗು, ಜೂನ್‌ನಲ್ಲಿ ಇನ್ನೊಂದು, ಡಿಸೆಂಬರಿನಲ್ಲಿ ಮತ್ತೊಂದು. ಕಬ್ಬಿಣದ ಚೌಕಟ್ಟನ್ನು ಬೇಕೆಂದೇ ಬಳುಕುವಂತೆ ಕಟ್ಟಿರುತ್ತಾರೆ. ಕನ್ನಡಿ ಎಂದರೆ ಗಟ್ಟಿಯಾಗಿ, ಅಲುಗದಂತೆ ಇರಬೇಕು ಎಂದು ನಂಬಿಕೊಂಡು ಬಂದ ನನಗೆ ಇದು ಮೊದಲು ತಿಳಿದಾಗ ಎರಡು ದಿನ ತಲೆಯಲ್ಲೇ ಸುತ್ತುತ್ತಿತ್ತು.

ತೊಂದರೆ ಎಲ್ಲಿತ್ತು

ಬಿಸಿಲಿನ ಒಲೆ ಅಂದರೆ ಬಹಳ ಜನ ಕಂಡಿರುವುದು ಟಿವಿ ಡಿಶ್‌ನಂಥ ಬೋಗುಣಿಯ ನಡುವೆ ಪಾತ್ರೆ ಇಡುವ ಬಗೆ. ಸೂರ್ಯ ಸರಿದಂತೆ ಬೋಗುಣಿಯನ್ನು ಸರಿಸಬೇಕು. ಬೋಗುಣಿ ಸರಿದರೆ ಅದರ ನಾಭಿ, ಅಂದರೆ ಬೆಳಕು ಕೂಡುವ ಬಿಂದು, ಅದೂ ಸರಿಯುತ್ತದೆ; ಪಾತ್ರೆಯನ್ನೂ ಅದರ ಜೊತೆ ಸರಿಸಬೇಕು. ಒಂದು ಸೇರು ಅಕ್ಕಿಗೆ ಇದು ನಡೆದೀತು. ಐನೂರು ಜನರ ಹಂಡೆಯನ್ನು ಸೂರ್ಯನ ಹಿಂದೆ ಓಡಿಸಲು ಆಗುವುದಿಲ್ಲ. ಅಡುಗೆ ಮಾಡುವವರು ಉರಿಬಿಸಿಲಿನಲ್ಲಿ ನಿಲ್ಲಬೇಕಾಗುವುದು ಇನ್ನೊಂದು ಕಷ್ಟ. ಎಷ್ಟೋ ಸೌರ ಒಲೆಗಳು ಜನರ ಮನೆಯಲ್ಲಿ ಮೂಲೆ ಸೇರಿದ್ದಕ್ಕೆ ಈ ಎರಡನೆಯದೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ. ಅಡುಗೆಯವರಿಗೆ ನೆರಳು ಬೇಕು.

ಭೌತವಿಜ್ಞಾನಿ ವೋಲ್ಫ್‌ಗ್ಯಾಂಗ್ ಶೆಫ್ಲರ್ ಈ ಗಂಟನ್ನು ಬಿಡಿಸಿದರು. ಚೆನ್ನಾಗಿ ಕೆಲಸ ಮಾಡಿದ ಅವರ ಮೊದಲ ಕನ್ನಡಿ 1986ರಲ್ಲಿ ಉತ್ತರ ಕೆನ್ಯಾದ ಒಂದು ಮಿಷನ್ ಕೇಂದ್ರದಲ್ಲಿ ತಯಾರಾಯಿತು, ಅಳತೆ 1.1 ಮೀಟರ್‌ಗೆ 1.5 ಮೀಟರ್, ಬಾಗಿಲಿಗಿಂತ ಚಿಕ್ಕದು. ಕನ್ನಡಿ ಹೊರಗೆ, ಒಲೆ ಒಳಗೆ. ಇದನ್ನು ಅವರು ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ, ಊರಿನ ಕಮ್ಮಾರಶಾಲೆಯಲ್ಲೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಆ ನಿರ್ಧಾರ ಇಲ್ಲದಿದ್ದರೆ ಅಬು ರೋಡಿನ ಕನ್ನಡಿಗಳು ಇರುತ್ತಿರಲಿಲ್ಲ, ಮುಂದೆ ಹೇಳುವ ತಿರುಮಲದವೂ ಇರುತ್ತಿರಲಿಲ್ಲ.

ಅವರ ಉಪಾಯದ ಮೊದಲ ಅರ್ಧ ಹೀಗೆ. ಒಂದು ದೊಡ್ಡ ಪರವಲಯದ ಬೋಗುಣಿಯನ್ನು, ಅಂದರೆ ನೇರ ಬಿದ್ದ ಬಿಸಿಲನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಆಕಾರದ್ದನ್ನು, ಊಹಿಸಿಕೊಳ್ಳಿ. ಅದರ ನಡುಭಾಗ ಬೇಡ. ಪಕ್ಕದ ಗೋಡೆಯಿಂದ ಒಂದು ತುಂಡನ್ನು ಓರೆಯಾಗಿ ಕತ್ತರಿಸಿ ತೆಗೆಯಿರಿ. ಅದಕ್ಕೇ ಈ ಕನ್ನಡಿಗಳೆಲ್ಲ ಮೊಟ್ಟೆಯ ಆಕಾರದಲ್ಲಿರುವುದು. ಪಕ್ಕದ ತುಂಡಾದ್ದರಿಂದ ಅದು ಬೆಳಕನ್ನು ತನ್ನ ಎದುರಿಗೆ ಚೆಲ್ಲದೆ ಒಂದು ಬದಿಗೆ, ದೂರದ ನಾಭಿಗೆ ಎಸೆಯುತ್ತದೆ. ಇನ್ನು ಆ ತುಂಡನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಒಂದು ಕಂಬಿಯ ಮೇಲೆ ಕೂರಿಸಿ, ಕಂಬಿಯ ಗೆರೆ ಕನ್ನಡಿಯ ಭಾರದ ನಡುವಿನಿಂದಲೂ ನಾಭಿಯಿಂದಲೂ ಹಾದುಹೋಗುವಂತೆ ಮಾಡಿ. ಗಂಟೆಗೆ 15 ಡಿಗ್ರಿ ತಿರುಗಿಸಿದರೆ ಸಾಕು, ಬೆಳಗಿನಿಂದ ಸಂಜೆಯವರೆಗೆ ನಾಭಿ ಇದ್ದಲ್ಲೇ ಇರುತ್ತದೆ. ಬೆಳಕಿನ ಬಿಲ್ಲೆ ತನ್ನ ಸುತ್ತ ತಾನೇ ತಿರುಗುತ್ತದೆಯೇ ಹೊರತು ಆಚೀಚೆ ಸರಿಯುವುದಿಲ್ಲ. ಭಾರ ಸಮತೋಲದಲ್ಲಿರುವುದರಿಂದ ಒಂದು ಗಡಿಯಾರದ ಯಂತ್ರವೇ ಇಷ್ಟು ದೊಡ್ಡ ಕನ್ನಡಿಯನ್ನು ತಿರುಗಿಸಬಲ್ಲದು.

ದಿನದ ಚಲನೆಗೆ ಇಷ್ಟು ಸಾಲುತ್ತದೆ. ಆದರೆ ಸೂರ್ಯನಿಗೆ ಇನ್ನೊಂದು ಚಲನೆಯಿದೆ, ನಮ್ಮ ಪಂಚಾಂಗದವರು ಅಯನ ಎಂದು ಕರೆಯುವುದು. ಡಿಸೆಂಬರ್ ಕೊನೆಯಿಂದ ಜೂನ್‌ವರೆಗೆ ಉತ್ತರಕ್ಕೆ, ಅಲ್ಲಿಂದ ಮತ್ತೆ ದಕ್ಷಿಣಕ್ಕೆ. ವಿಷುವದ ದಿನದಿಂದ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮನಾಗುವ ದಿನದಿಂದ, ಅಳೆದರೆ ಎರಡೂ ಕಡೆ ಇಪ್ಪತ್ತಮೂರೂವರೆ ಡಿಗ್ರಿ. ಈ ಚಲನೆಗೆ ಕನ್ನಡಿಯನ್ನು ಬರೀ ವಾಲಿಸಿದರೆ ಬೆಳಕು ಒಲೆಯ ಕಡೆಗೇನೋ ಹೋಗುತ್ತದೆ, ಆದರೆ ಕೂಡುವುದಿಲ್ಲ. ಒಂದು ಕಡೆ ಎಳೆದ ಹಾಗೆ ಉದ್ದುದ್ದ ಹರಡಿಕೊಳ್ಳುತ್ತದೆ. ಊಟದ ಚಮಚದ ಒಳಮೈಯಿಂದ ಬಿಸಿಲನ್ನು ಗೋಡೆಗೆ ಬಿಟ್ಟು ಚಮಚವನ್ನು ಮೆಲ್ಲಗೆ ಓರೆ ಮಾಡಿ ನೋಡಿ, ದುಂಡಗಿದ್ದ ಚುಕ್ಕೆ ಗೆರೆಯಾಗುತ್ತದೆ.

ಬಾಗಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಇಡೀ ಪ್ರಕರಣದ ಜೀವ ಇಲ್ಲಿದೆ. ಕನ್ನಡಿಯ ನಡುವಿನಿಂದ ಒಲೆಯ ಬಾಯಿಗೆ 3 ಮೀಟರ್ ಎಂದಿಟ್ಟುಕೊಳ್ಳೋಣ. ಕನ್ನಡಿಯೂ ಒಲೆಯೂ ಜಾಗ ಬಿಟ್ಟು ಕದಲುವಂತಿಲ್ಲ. ಹಾಗಾದರೆ ಸೂರ್ಯನ ಪ್ರತಿ ದಿನದ ಓರೆಗೂ ಒಂದು ಬೇರೆ ಪರವಲಯವೇ ಬೇಕು. ವಿಷುವದಲ್ಲಿ ಬೇಕಾದ ಬೋಗುಣಿಯ ನಾಭಿದೂರ, ಅಂದರೆ ಇಡೀ ಬೋಗುಣಿಯ ತಳದಿಂದ ನಾಭಿಗಿರುವ ದೂರ, ಒಂದೂವರೆ ಮೀಟರ್. ಒಲೆಯ ಉತ್ತರಕ್ಕೆ ನಿಂತ ಕನ್ನಡಿಗೆ ಜೂನ್ ಕೊನೆಗೆ ಅದು 90 ಸೆಂಟಿಮೀಟರ್‌ಗೆ ಇಳಿಯಬೇಕು, ಡಿಸೆಂಬರಿಗೆ 2.1 ಮೀಟರ್‌ಗೆ ಏರಬೇಕು. ವರ್ಷಕ್ಕೆ ಮುನ್ನೂರ ಅರವತ್ತೈದು ಕನ್ನಡಿ ಮಾಡಿಡಲು ಸಾಧ್ಯವಿಲ್ಲ. ಇರುವ ಒಂದನ್ನೇ ಬಾಗಿಸಬೇಕು.

ಎಷ್ಟು ಬಾಗಿಸಬೇಕು ಎಂದು ಲೆಕ್ಕ ಹಾಕಿದಾಗ ನನಗೆ ನಿಜವಾದ ಖುಷಿಯಾಯಿತು. ಅಗಲದ ದಿಕ್ಕಿನಲ್ಲಿ ಬಾಗಿನ ತ್ರಿಜ್ಯ (ಇದು ಕಡಿಮೆಯಾದಷ್ಟೂ ಬಾಗು ಆಳ) ವಿಷುವದಲ್ಲಿ ಸುಮಾರು 4.2 ಮೀಟರ್, ಜೂನ್‌ನಲ್ಲಿ 3.3, ಡಿಸೆಂಬರಿನಲ್ಲಿ 5. ಉದ್ದದ ದಿಕ್ಕಿನಲ್ಲಿ ಇದು ಉಲ್ಟಾ: ವಿಷುವದಲ್ಲಿ 8.5, ಜೂನ್‌ನಲ್ಲಿ ಸುಮಾರು 11, ಡಿಸೆಂಬರಿನಲ್ಲಿ 7.2. ಬೇಸಿಗೆಯಲ್ಲಿ ಕನ್ನಡಿ ಅಡ್ಡಕ್ಕೆ ಆಳವಾಗುತ್ತ ಉದ್ದಕ್ಕೆ ಚಪ್ಪಟೆಯಾಗಬೇಕು, ಚಳಿಗಾಲದಲ್ಲಿ ಅಡ್ಡಕ್ಕೆ ಬಿಚ್ಚಿಕೊಳ್ಳುತ್ತ ಉದ್ದಕ್ಕೆ ಆಳವಾಗಬೇಕು. ಒದ್ದೆ ಅಡಿಕೆ ಹಾಳೆಯನ್ನು ಎರಡು ಅಂಗೈ ನಡುವೆ ಹಿಡಿದವರಿಗೆ ಇದು ಗೊತ್ತು. ಅಕ್ಕಪಕ್ಕ ಒತ್ತಿದರೆ ಅಡ್ಡಕ್ಕೆ ಸುರುಳಿಯಾಗುತ್ತದೆ, ಉದ್ದಕ್ಕೆ ನೆಟ್ಟಗಾಗುತ್ತದೆ. ತುದಿಗಳನ್ನು ಮೇಲೆತ್ತಿದರೆ ಅಗಲ ಬಿಚ್ಚಿಕೊಳ್ಳುತ್ತದೆ. ಬೇಕಾದ ಎರಡು ಬಾಗೂ ಒಂದು ಬಳುಕುವ ಹಾಳೆ ತಾನಾಗಿಯೇ ಹೋಗಬಯಸುವ ದಿಕ್ಕಿನಲ್ಲೇ ಇವೆ. ಹಾಗಾಗಿ ಪ್ರತಿ ಅಡ್ಡಪಟ್ಟಿಗೂ ಒಂದೊಂದು ತಿರುಪು ಬೇಕಿಲ್ಲ. ಮೇಲಿನ ತುದಿ ಮತ್ತು ಕೆಳಗಿನ ತುದಿ ಸರಿಯಾದ ಜಾಗಕ್ಕೆ ಬಂದರೆ ನಡುವಿನದು ಸಾಕಷ್ಟು ಸರಿಯಾಗಿ ಹಿಂಬಾಲಿಸುತ್ತದೆ.

ಚೌಕಟ್ಟನ್ನು ಕಟ್ಟುವುದು ವಿಷುವದ ಆಕಾರಕ್ಕೆ. ಅದರ ಎರಡು ಪಕ್ಕದ ತಿರುಗಣಿಗಳನ್ನು ಕನ್ನಡಿಯ ನಡುವಿನ ನೇರಕ್ಕೆ ಇಡದೆ ಸ್ವಲ್ಪ ಕೆಳಗೆ ಇಟ್ಟಿರುತ್ತಾರೆ. ಇದರಿಂದ ಕನ್ನಡಿಯನ್ನು ವಾಲಿಸಿದ ಕೂಡಲೇ ಅದರ ನಡುಭಾಗ ಚೌಕಟ್ಟಿಗೆ ಹೋಲಿಸಿದರೆ ಮೇಲೇಳುತ್ತದೆ ಅಥವಾ ಅದುಮಿಕೊಳ್ಳುತ್ತದೆ. ವಾಲುವುದೂ ಬಾಗುವುದೂ ಒಂದೇ ಕೈಕೆಲಸದಲ್ಲಿ ಆಗಿಹೋಗುತ್ತವೆ. 8 ಚದರ ಮೀಟರಿನ ಸಾಮಾನ್ಯ ಕನ್ನಡಿಯ ಅಳತೆ 2.8ಕ್ಕೆ 3.8 ಮೀಟರ್. ಅಷ್ಟು ದೊಡ್ಡದರ ಅಂಚು ನಡುವಿಗೆ ಹೋಲಿಸಿದರೆ ಜೂನ್‌ನಿಂದ ಡಿಸೆಂಬರಿಗೆ ಸರಿಯುವುದು, ನನ್ನ ಲೆಕ್ಕದಲ್ಲಿ, ಅರ್ಧ ಗೇಣಿಗಿಂತ ಕಡಿಮೆ. ಆ ಅರ್ಧ ಗೇಣು ತಪ್ಪಿದರೆ ಅನ್ನ ಬೇಯುವುದಿಲ್ಲ. ಸರಿಯಾಗಿದ್ದರೆ, ಪ್ರತಿ ಚದರ ಮೀಟರಿಗೆ 700 ವಾಟ್ ನೇರ ಬಿಸಿಲಿರುವಾಗ ಈ ಒಂದು ಕನ್ನಡಿ 22 ಲೀಟರ್ ತಣ್ಣೀರನ್ನು ಒಂದು ಗಂಟೆಯೊಳಗೆ ಕುದಿಸುತ್ತದೆ.

ನಿಂತವು, ಮಲಗಿದವು

ಒಲೆಯ ಉತ್ತರಕ್ಕಿರುವ ಕನ್ನಡಿ ಬಹುಪಾಲು ನೆಟ್ಟಗೆ ನಿಂತಿರುತ್ತದೆ, ದಕ್ಷಿಣಕ್ಕಿರುವುದು ಆಕಾಶ ನೋಡುತ್ತ ಮಲಗಿರುತ್ತದೆ. ನಮ್ಮ ದೇಶದ ಹಬೆ ಅಡುಗೆಮನೆಗಳಲ್ಲಿ ಇವನ್ನು ನಿಂತದ್ದು, ಮಲಗಿದ್ದು ಎಂದೇ ಕರೆದು ಜೋಡಿಯಾಗಿ ನಿಲ್ಲಿಸುತ್ತಾರೆ. ಎರಡರ ನಡುವೆ ಹಬೆ ಕೊಳವೆಯ ಸಾಲು ಹಾದುಹೋಗುತ್ತದೆ. ಜಾಗ ಉಳಿಸಲು ಹೀಗೆ ಮಾಡಿರಬೇಕು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಕಾರಣ ಇನ್ನೂ ಸೊಗಸಾದದ್ದು.

ಓರೆಯಾಗಿ ಬಿಸಿಲಿಗೆ ಒಡ್ಡಿಕೊಂಡ ಕನ್ನಡಿ ತನ್ನ ಪೂರ್ತಿ ಅಗಲಕ್ಕೆ ಬಿಸಿಲು ಹಿಡಿಯುವುದಿಲ್ಲ. 9.2 ಚದರ ಮೀಟರಿನ ನಿಂತ ಕನ್ನಡಿ ವಿಷುವದಲ್ಲಿ ಸುಮಾರು 6.5 ಚದರ ಮೀಟರಿನಷ್ಟು ಬಿಸಿಲು ಹಿಡಿದರೆ, ಜೂನ್‌ನಲ್ಲಿ 5, ಡಿಸೆಂಬರಿನಲ್ಲಿ 7.7. ಮಲಗಿದ ಕನ್ನಡಿಗೆ ಸರಿಯಾಗಿ ತಿರುವು ಮುರುವು. ಎರಡನ್ನೂ ಕೂಡಿಸಿ ನೋಡಿ: ವಿಷುವದಲ್ಲಿ 13, ಜೂನ್‌ನಲ್ಲಿ 12.7, ಡಿಸೆಂಬರಿನಲ್ಲೂ 12.7. ಒಂಟಿಯಾಗಿ ಏರಿಳಿಯುವ ಎರಡು ಕನ್ನಡಿಗಳು ಜೋಡಿಯಾದಾಗ ವರ್ಷವಿಡೀ ಒಂದೇ ಸಮನಾಗುತ್ತವೆ. ಸಂಕ್ರಾಂತಿಯ ಊಟಕ್ಕೂ ಯುಗಾದಿಯ ಊಟಕ್ಕೂ ಅಡುಗೆಮನೆ ಒಂದೇ ಲೆಕ್ಕ ಇಟ್ಟುಕೊಳ್ಳಬಹುದು, ಮೋಡ ಬಾರದಿದ್ದರೆ.

ಅಬು ರೋಡಿನ 84 ಕನ್ನಡಿಗಳು ದಾರಿ ತೋರಿದ ಮೇಲೆ ಇದು ಹರಡಿತು. ಗುಜರಾತಿನ ವಲಸಾಡದಲ್ಲಿ ದೀಪಕ್ ಗಾಢಿಯಾ ಅವರು ಈ ಕನ್ನಡಿಗಳನ್ನು ಕಟ್ಟಿ ದೇಶದ ನಾನಾ ಕಡೆ ನಿಲ್ಲಿಸಿದರು. ತಿರುಮಲದಲ್ಲಿ 2002ರಲ್ಲಿ 106 ಕನ್ನಡಿಗಳು ಬಂದವು, ಸುಮಾರು 15,000 ಜನರ ಅಡುಗೆಗೆ ಸಾಲುವ ಹಬೆಯ ಯೋಜನೆ ಅದು. ಬೆಟ್ಟ ಹತ್ತಿ ಅನ್ನಪ್ರಸಾದ ಉಂಡು ಬಂದ ಕನ್ನಡಿಗರಿಗೆ ಲೆಕ್ಕವಿಲ್ಲ. ಮೇಲೆ ಕನ್ನಡಿಗಳಿದ್ದವು ಎಂದು ಕೇಳಿದರೆ ನೆನಪಿರುವವರು ಕಡಿಮೆ. ಶಿರಡಿಯಲ್ಲಿ 2009ರಲ್ಲಿ 16 ಚದರ ಮೀಟರಿನ 73 ಕನ್ನಡಿಗಳು ಬಂದವು. ಇದೇ ಸಮಸ್ಯೆಗೆ ಆರೋವಿಲ್‌ನವರು ಬೇರೆ ಉತ್ತರ ಹುಡುಕಿಕೊಂಡರು. ಅಲ್ಲಿ 15 ಮೀಟರ್ ವ್ಯಾಸದ ಗೋಳಾಕಾರದ ಬೋಗುಣಿ ಕಟ್ಟಡದ ಮೇಲೆ ಅಲುಗದೆ ಕೂತಿದೆ, ಬೆಳಕು ಹೀರುವ ಕೊಳವೆಯೇ ಸೂರ್ಯನ ಜೊತೆ ಸರಿಯುತ್ತದೆ. ಅದಕ್ಕೂ ತನ್ನದೇ ಚೆಲುವಿದೆ. ಕದಲುವ ಕೊಳವೆಗೆ ಹಬೆಯ ಕೀಲು ಜೋಡಿಸಿ ಸೋರದಂತೆ ಕಾಯುವುದು ಮಾತ್ರ ಸುಲಭದ ಕೆಲಸವಲ್ಲ.

ಮತ್ತೆ ಅಬು ರೋಡಿಗೆ. 2010ರ ನಂತರ ಅಲ್ಲಿ ‘ಇಂಡಿಯಾ ಒನ್’ ಎಂಬ ವಿದ್ಯುತ್ ಸ್ಥಾವರದ ಕೆಲಸ ನಡೆಯಿತು, ಭಾರತ ಮತ್ತು ಜರ್ಮನಿ ಸರ್ಕಾರಗಳ ನೆರವಿನಿಂದ. ಮೇಲೆ ಹೇಳಿದ 770 ಕನ್ನಡಿಗಳು ಇದರವು. ಇಲ್ಲಿ ಕದಲದ ನಾಭಿಯ ನಿಜವಾದ ಬೆಲೆ ಕಾಣುತ್ತದೆ. ಪ್ರತಿ ಕನ್ನಡಿಯ ನಾಭಿಯಲ್ಲಿ ಟೊಳ್ಳು ಬಾಯಿಯ ಎರಕದ ಕಬ್ಬಿಣದ ದೊಡ್ಡ ದಿಮ್ಮಿಯೊಂದು ನೆಲಕ್ಕೆ ಕೂತಿದೆ. ಹಗಲೆಲ್ಲ ಅದು ಬಿಸಿಯಾಗುತ್ತದೆ, ಬೇಕಾದಾಗ ಅದರೊಳಗಿನ ಸುರುಳಿ ಕೊಳವೆಗೆ ನೀರು ಬಿಟ್ಟರೆ ಹಬೆ ಏಳುತ್ತದೆ. ಸೂರ್ಯ ಮುಳುಗಿದ ಮೇಲೂ ಟರ್ಬೈನ್ ತಿರುಗಲಿ ಎಂದು 16 ಗಂಟೆಯ ಶಾಖ ಹಿಡಿದಿಡುವಂತೆ ಯೋಜಿಸಿದರು. ಕನ್ನಡಿಯ ಜೊತೆ ನಾಭಿಯೂ ಕದಲುತ್ತಿದ್ದರೆ ಅಷ್ಟು ಭಾರದ ಕಬ್ಬಿಣವನ್ನು ಅಲ್ಲಿ ಇಡುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲ. ದಿನದ ತಿರುಗಾಟ, ಋತುವಿನ ವಾಲಿಕೆ ಎರಡನ್ನೂ ಅಲ್ಲಿ ಯಂತ್ರಗಳೇ ನೋಡಿಕೊಳ್ಳುತ್ತವೆ.

ಅಷ್ಟೆಲ್ಲ ಸೇರಿ ವಿದ್ಯುತ್ ಸಾಮರ್ಥ್ಯ 1 ಮೆಗಾವಾಟ್. ಇದನ್ನು ನೇರವಾಗಿ ಹೇಳಿಬಿಡಬೇಕು: 770 ಕನ್ನಡಿಗಳ ಒಟ್ಟು ಅಗಲ 46,200 ಚದರ ಮೀಟರ್, ಅಷ್ಟೇ ಅಗಲಕ್ಕೆ ಶೇ 20ರ ದಕ್ಷತೆಯ ಸೌರ ವಿದ್ಯುತ್ ಫಲಕ ಹಾಸಿದರೆ ನಡುಹಗಲಿಗೆ 9 ಮೆಗಾವಾಟ್ ದಾಟುತ್ತದೆ. ಈ ಸ್ಥಾವರ ಕಟ್ಟುತ್ತಿದ್ದ ವರ್ಷಗಳಲ್ಲೇ ಫಲಕದ ಬೆಲೆ ಕುಸಿಯಿತು. ಬರೀ ವಿದ್ಯುತ್ತಿಗಾಗಿ ಇಂದು ಯಾರಾದರೂ ಈ ಕನ್ನಡಿ ಕಟ್ಟಲು ಹೊರಟರೆ ನಾನು ಬೇಡ ಎನ್ನುತ್ತೇನೆ. ಆದರೆ ಶಾಖ ಬೇಕಾದ ಕಡೆ ಮಾತು ಬೇರೆ. ಅನ್ನ ಬೇಯಿಸಲು, ಬಟ್ಟೆ ತೊಳೆಯಲು, ಬಣ್ಣದ ತೊಟ್ಟಿ ಕಾಯಿಸಲು ಬೇಕಾದದ್ದು ಹಬೆ. ಬಿಸಿಲನ್ನು ಮೊದಲು ವಿದ್ಯುತ್ ಮಾಡಿ ಮತ್ತೆ ಶಾಖ ಮಾಡುವ ಸುತ್ತುದಾರಿ ಅಲ್ಲಿ ಬೇಕಿಲ್ಲ. ಮತ್ತೆ ಈ ಕನ್ನಡಿಯನ್ನು ಊರಿನ ವೆಲ್ಡಿಂಗ್ ಅಂಗಡಿಯವನು ಕಟ್ಟಬಲ್ಲ, ರಿಪೇರಿಯನ್ನೂ ಮಾಡಬಲ್ಲ. ಇದು ನನಗೆ ದಕ್ಷತೆಯ ಅಂಕಿಗಿಂತ ದೊಡ್ಡ ಮಾತು.

ಕೈ ತಪ್ಪಿದರೆ

ಯಂತ್ರವಿಲ್ಲದ ಸಣ್ಣ ಅಡುಗೆಮನೆಗಳಲ್ಲಿ ಋತುವಿನ ಬಾಗನ್ನು ಕೈಯಿಂದಲೇ ಹೊಂದಿಸಬೇಕು, ಎರಡು ಮೂರು ದಿನಕ್ಕೊಮ್ಮೆ. ಕನ್ನಡಿಗಳು ಸೋಲುವುದು ಇಲ್ಲೇ.

ಬಯಲುಸೀಮೆಯ ಒಂದು ವಸತಿಶಾಲೆಗೆ ಅಕ್ಟೋಬರ್ ಮೊದಲ ವಾರ ಹೋಗಿದ್ದೆ, ಹೆಸರು ಬೇಡ. ಕೆಲವು ಕನ್ನಡಿಗಳು, ಎಲ್ಲವೂ ಸೂರ್ಯನ ಕಡೆಗೇ ತಿರುಗಿದ್ದವು, ಗಾಜು ಒರೆಸಿ ಹೊಳೆಯುತ್ತಿತ್ತು. ಒಳಗೆ ಸೌದೆ ಒಲೆ ಉರಿಯುತ್ತಿತ್ತು. ‘ಇದು ಕೆಟ್ಟು ಹೋಗಿದೆ ಸರ್, ಬರೀ ತಿರುಗುತ್ತೆ’ ಎಂದರು ಅಡುಗೆಯವರು. ಹತ್ತಿರ ಹೋಗಿ, ‘ನಿಂತ’ ಬಗೆಯ ಕನ್ನಡಿಯೊಂದರ ಎದುರಿನ ರಿಸೀವರ್, ಅಂದರೆ ನಾಭಿಯಲ್ಲಿ ಬೆಳಕು ಹೀರುವ ಭಾಗ, ನೋಡಿದೆ. ಬಾಯಿಯ ಸುತ್ತ ಬಿಳಿ ಬಳಿದ ತಗಡು. ಆ ತಗಡಿನ ಮೇಲೆ, ಬಾಯಿಗಿಂತ ಮೇಲ್ಗಡೆ, ಪೂರ್ವದಿಂದ ಪಶ್ಚಿಮಕ್ಕೆ ಕಮಾನಿನಂತೆ ಬಾಗಿದ ಕಪ್ಪು ಸುಟ್ಟ ಗುರುತು. ಬಾಯಿಯ ಅಂಚಿನಲ್ಲಿ ಗಾಢವಾಗಿ, ಮೇಲೆ ಹೋದಂತೆ ಮಾಸುತ್ತ, ಒಂದರ ಮೇಲೊಂದು ಕಮಾನುಗಳು.

ಆ ಗುರುತು ನೋಡಿದರೆ ನಡೆದದ್ದೆಲ್ಲ ಓದಬಹುದಿತ್ತು. ದಿನದ ತಿರುಗಾಟ ಸರಿಯಾಗಿದೆ, ಇಲ್ಲದಿದ್ದರೆ ಗುರುತು ಗೆರೆಯಾಗಿ ಓಡುತ್ತಿತ್ತು, ಕಮಾನಾಗುತ್ತಿರಲಿಲ್ಲ. ತಪ್ಪಿರುವುದು ಋತು. ವಿಷುವದ ಆಸುಪಾಸಿನಲ್ಲಿ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ದಕ್ಷಿಣಕ್ಕೆ ಇಳಿಯುತ್ತಾನೆ. 3 ಮೀಟರ್ ದೂರದಲ್ಲಿ ಅದು ದಿನಕ್ಕೆ ಎರಡು ಸೆಂಟಿಮೀಟರ್. ಸೂರ್ಯ ಕೆಳಗಿಳಿದಂತೆ ಬೆಳಕಿನ ಬಿಲ್ಲೆ ಬಾಯಿಯಿಂದ ಮೇಲೇರುತ್ತದೆ, ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ವಾಲುತ್ತದೆ. ಈಗ ಬಿಲ್ಲೆ ಬಾಯಿಯ ನಡುವಿನಿಂದ ಒಂದು ಮೊಳ ಆಚೆ, ಮಸುಕಾಗಿ ಹರಡಿ ಬಿದ್ದಿತ್ತು. ಒಂದು ಮೊಳ ಅಂದರೆ ಮೂರು ವಾರ. ‘ಸೆಪ್ಟೆಂಬರ್ ನಡುವೆ ಯಾರಾದರೂ ಕೆಲಸ ಬಿಟ್ಟರಾ?’ ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಕನ್ನಡಿ ನೋಡಿಕೊಳ್ಳುತ್ತಿದ್ದ ಹುಡುಗ ಗಣೇಶನ ಹಬ್ಬಕ್ಕೆ ಊರಿಗೆ ಹೋದವನು ಮತ್ತೆ ಬರಲಿಲ್ಲ ಎಂದರು.

ಕೆಟ್ಟದ್ದು ಏನೂ ಇರಲಿಲ್ಲ. ಕನ್ನಡಿಯನ್ನು ಬಿಸಿಲಿನಿಂದ ಪಕ್ಕಕ್ಕೆ ತಿರುಗಿಸಿ, ಮೇಲಿನ ಕೆಳಗಿನ ಸರಳುಗಳ ಬಿಗಿ ಸಡಿಲಿಸಿ, ಒಂದಿಷ್ಟು ವಾಲಿಸಿ, ಮತ್ತೆ ಸೂರ್ಯನಿಗೆ ಒಡ್ಡಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಅವರು ರಿಸೀವರ್ ಪಕ್ಕದಿಂದ ಕೂಗುತ್ತಿದ್ದರು: ಇನ್ನೂ ಕೆಳಗೆ, ಇನ್ನೂ, ಈಗ ಸಾಕು. ಬಿಲ್ಲೆ ಬಾಯಿಯೊಳಗೆ ಬಂತು, ಆದರೆ ಅಡ್ಡಡ್ಡ ಅಗಲಿಸಿಕೊಂಡಿತ್ತು, ಎರಡೂ ಪಕ್ಕ ತಗಡಿನ ಮೇಲೆ ಬೆಳಕು ಚೆಲ್ಲುತ್ತಿತ್ತು. ಮೇಲಿನ ತುದಿಯನ್ನು ಎರಡು ಬೆರಳಿನಷ್ಟು ಎಳೆದೆ, ಕೆಳಗಿನದನ್ನೂ ಅಷ್ಟೇ. ಚೌಕಟ್ಟು ಕಿರ್ ಎಂದು ಬಳುಕಿತು. ಹರಡಿದ್ದ ಬೆಳಕು ಒಳಕ್ಕೆ ಮುದುಡಿಕೊಂಡು ದುಂಡಗಾಯಿತು, ತಗಡಿನ ಮೇಲೆ ಒಂದು ಚೂರೂ ಉಳಿಯಲಿಲ್ಲ. ಒಂದು ಕನ್ನಡಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡನೆಯದನ್ನು ಅವರೇ ಮಾಡಿದರು, ನಾನು ಕೂಗುವವನಾದೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೊಳವೆಯೊಳಗೆ ನೀರು ಗುಡುಗುಡು ಅನ್ನಲು ಶುರುವಾಯಿತು. ‘ಮತ್ತೆ ಯಾವಾಗ ಮಾಡಬೇಕು?’ ಎಂದು ಅವರು ಕೇಳಿದರು. ಒಲೆಯ ಇದ್ದಿಲಿನ ತುಂಡು ತಗೊಂಡು ಅಡುಗೆಮನೆಯ ಗೋಡೆಯ ಮೇಲೆ ತಿಂಗಳ ಹೆಸರುಗಳನ್ನು ಬರೆದೆ. ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್ ಎದುರಿಗೆ ಮೂರು ದಿನಕ್ಕೊಮ್ಮೆ. ಜೂನ್ ಮತ್ತು ಡಿಸೆಂಬರಿನ ಕೊನೆಗೆ ಸೂರ್ಯ ಹೆಚ್ಚುಕಡಿಮೆ ನಿಂತೇ ಇರುತ್ತಾನೆ, ಅಲ್ಲಿ ವಾರಕ್ಕೊಮ್ಮೆ. ಉಳಿದ ತಿಂಗಳುಗಳಿಗೆ ಏನು ಬರೆಯಲಿ ಎಂದು ನಾನು ಯೋಚಿಸುತ್ತಿದ್ದಾಗ ಅವರು ಇದ್ದಿಲು ಈಸಿಕೊಂಡು, ‘ಕರೀ ಕಮಾನು ಕಂಡ ದಿನ’ ಎಂದು ತಾವೇ ಬರೆದರು.